ರಾಜನ ಮುಖದ ಮೇಲಿನ ಗುದ್ದು

ಹುಣಸೆಹುಳಿ ಕಂಡರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಒಬ್ಬ ರಾಜನ ಮೂಗು ನೆನಪಾಗುತ್ತದೆ. ಮೊನ್ನೆ ನನ್ನ ಹೆಂಡತಿ ದೇವರ ದೀಪ ಬೆಳಗುವುದಕ್ಕೆ ಹುಣಸೆಹುಳಿ ನೆನೆಹಾಕಿ ಕೂತಿದ್ದಳು. ನಾನು ಆ ಬಟ್ಟಲನ್ನೇ ನೋಡುತ್ತಾ ನಿಂತಿದ್ದು ಕಂಡು, "ಏನು, ಪುಳಿಯೋಗರೆ ಬೇಕಾಗಿತ್ತಾ?" ಎಂದಳು. ಬೇಡ ಎಂದೆ. ಮೂಗಿನ ವಿಷಯ ಎತ್ತಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಹೇಳದ ಮಾತು ಅದು. ನಿಮಗೆ ಹೇಳಬಹುದು. ನೀವು ದಿನಾ ನನಗೆ ಬಡಿಸುವವರಲ್ಲವಲ್ಲ.

ನಾನು ಮುಳಬಾಗಿಲಿನವನು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತನಾದೆ. ಹೂಜಿ, ಲೋಟ, ಮಾವಿನಕಾಯಿ ಇವಿಷ್ಟನ್ನು ಸಾವಿರಾರು ಮಕ್ಕಳಿಂದ ಬರೆಸಿದ್ದೇನೆ. ಅವರಲ್ಲಿ ಕೆಲವರು ಈಗ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ವ್ಯಾಪಾರ ಮಾಡುತ್ತಾರೆ. ನಾನು ಬರೆಸಿದ ಮಾವಿಗೂ ಗಿಡದಲ್ಲಿ ಬಿಡುವ ಮಾವಿಗೂ ಯಾವ ಸಂಬಂಧವೂ ಇರಲಿಲ್ಲ ಎಂದು ಸಿಕ್ಕಾಗಲೆಲ್ಲ ನೆನಪಿಸುತ್ತಾರೆ. ಆದರೂ ಕಡಿಮೆ ಮಾಡಿ ಕೊಡುತ್ತಾರೆ, ಅದು ದೊಡ್ಡದು.

ಚಿತ್ರದ ಹುಚ್ಚು ಹಿಡಿಯುವ ಮೊದಲು ನನಗೆ ಅಂಚೆ ಚೀಟಿಯ ಹುಚ್ಚು ಹಿಡಿದಿತ್ತು. ಆಗ ನನಗೆ ಹತ್ತು ವರ್ಷ. ನಮ್ಮ ಅಟ್ಟದ ಮೇಲೆ ತಾತನ ಹಳೆಯ ಕಾಗದಗಳ ತಗಡಿನ ಪೆಟ್ಟಿಗೆ ಇತ್ತು. ತಾತ ಒಂದು ಬದುವಿನ ವಿಷಯಕ್ಕೆ ಬದುಕಿದ್ದಷ್ಟು ಕಾಲ ಕೋಲಾರದ ಕೋರ್ಟಿಗೆ ಅಲೆದವರು. ಹೀಗಾಗಿ ಪೆಟ್ಟಿಗೆ ತುಂಬ ವಕೀಲರ ಲಕೋಟೆಗಳು, ಲಕೋಟೆಗಳ ತುಂಬ ಪರಂಗಿ ರಾಜರು. ಒಬ್ಬಳು ಮುಸುಕು ಹೊದ್ದ ರಾಣಿ, ಇಬ್ಬರು ಗಡ್ಡದ ರಾಜರು, ಕೊನೆಗೆ ನುಣ್ಣಗೆ ಬೋಳಿಸಿಕೊಂಡ ಒಬ್ಬ. ಯಾರೂ ನಮ್ಮ ಕಡೆ ನೇರವಾಗಿ ನೋಡುವುದಿಲ್ಲ. ಎಲ್ಲರೂ ಪಕ್ಕಕ್ಕೆ ಮುಖ ತಿರುಗಿಸಿಕೊಂಡೇ ಇರುತ್ತಾರೆ. ಬೀದಿಯಲ್ಲಿ ಕೈಬದಲು ಕೇಳಲು ಬಂದವನನ್ನು ಕಂಡವರ ಹಾಗೆ.

ನಮ್ಮ ಅಜ್ಜಿ ಮನೆಯಲ್ಲಿ ತೆಲುಗು ಆಡುವವಳು. ಒಂದು ದಿನ ನಾನು ಬೋಳು ಗಲ್ಲದ ರಾಜನನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಬೊಟ್ಟು ಲೇದೇಮಿರಾ ಈ ರಾಜುಕಿ? ಹಣೆಗೆ ಏನೂ ಇಲ್ಲ, ಇದೆಂಥಾ ರಾಜನೋ" ಎಂದಳು. ಅವಳಿಗೆ ರಾಜನ ಮೇಲಿದ್ದ ದೊಡ್ಡ ತಕರಾರು ಅದಲ್ಲ. ಚೀಟಿಯನ್ನು ನೆಕ್ಕಿ ಅಂಟಿಸಬೇಕಲ್ಲ, ಅದು. "ಛೀ, ಎಂಗಿಲಿ! ಆ ಪರಂಗಿಯವನ ಬೆನ್ನು ನಾನ್ಯಾಕೆ ನೆಕ್ಲಿ?" ಎನ್ನುತ್ತಿದ್ದಳು. ಎಂಜಲಾಗಬಾರದೆಂದು ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಚೀಟಿಗಳನ್ನು ಅನ್ನದ ಅಗುಳು ಅರೆದು ಅಂಟಿಸುತ್ತಿದ್ದರು. ಕೋಲಾರದ ವಕೀಲರ ಮನೆಯ ಜಿರಲೆಗಳಿಗೆ ಸಣ್ಣಕ್ಕಿಯ ರುಚಿ ಹತ್ತಿಸಿದವರು ನಾವೇ ಇರಬೇಕು.

ಆ ಪೆಟ್ಟಿಗೆಯಲ್ಲಿ ನಾನು ಹುಡುಕಿದ್ದು ನಮ್ಮ ಊರನ್ನು. ಮುಳಬಾಗಿಲು ಬೇಡ, ಅದು ದುರಾಸೆ. ಕೋಲಾರವಾದರೂ? ಇಲ್ಲ. ಮೈಸೂರಾದರೂ? ಅದೂ ಇಲ್ಲ. ತಿರುವಾಂಕೂರಿನವರು ಚೀಟಿಯ ಮೇಲೆ ತಮ್ಮ ಶಂಖ ಹಾಕಿಕೊಂಡರು. ಹೈದರಾಬಾದಿನವರು ತಮ್ಮ ಲಿಪಿಗಳನ್ನು ಸಾಲಾಗಿ ಬರೆದುಕೊಂಡರು. ನಮ್ಮ ಮೈಸೂರಿನವರು ಸೊಗಸಾಗಿ ನಡೆಯುತ್ತಿದ್ದ ಸ್ವಂತ ಅಂಚೆಯನ್ನು ತಟ್ಟೆಯಲ್ಲಿಟ್ಟು ಬ್ರಿಟಿಷರಿಗೆ ಒಪ್ಪಿಸಿ ಕೈ ತೊಳೆದುಕೊಂಡರು. ಗಂಡಭೇರುಂಡವೇನೋ ಇತ್ತು, ಆದರೆ ಕೋರ್ಟಿನ ಕಾಗದದ ಮೇಲೆ. ಅಂದರೆ ತಾತ ದಾಯಾದಿಯ ಮೇಲೆ ದಾವೆ ಹೂಡಿದರೆ ನಮ್ಮದೇ ಪಕ್ಷಿ ಬರುತ್ತಿತ್ತು, ಹೆಂಡತಿಗೆ ಕ್ಷೇಮ ಸಮಾಚಾರ ಬರೆದರೆ ಲಂಡನ್ನಿನ ರಾಜ ಬರುತ್ತಿದ್ದ. ನಮ್ಮ ಜಿಲ್ಲೆಯ ನೆಲ ಬಗೆದು ಅಷ್ಟು ಕಾಲ ಚಿನ್ನ ಹೊತ್ತರಲ್ಲ, ಅದರ ನೆನಪಿಗಾದರೂ ಒಂದು ಅಂಗುಲ ಕಾಗದದಲ್ಲಿ ಒಂದು ಗಣಿ, ಒಂದು ಬಂಡೆ, ಒಂದು ರಾಗಿ ತೆನೆ? ಹೋಗಲಿ ಬಿಡಿ. ಈಗ ನಾನು ಕೂಗಾಡಿದರೆ ಕೇಳುವವರು ಯಾರು.

ಇದ್ದದ್ದರಲ್ಲಿ ನನಗೆ ಹಿಡಿಸಿದ್ದು ಒಂದು ಕೆಂಪು ಚೀಟಿ. ಅದರಲ್ಲಿ ಟಪಾಲು ಚೀಲ ಹೊತ್ತು ಓಡುವ ಪುಟ್ಟ ಮನುಷ್ಯನೊಬ್ಬ. ಪಕ್ಕದಲ್ಲಿ ಅವನಿಗಿಂತ ಎಷ್ಟೋ ಪಟ್ಟು ದೊಡ್ಡದಾದ ರಾಜನ ತಲೆ. ಓಡುವವನಿಗೆ ಮುಖ ಇದೆಯೋ ಇಲ್ಲವೋ ಭೂತಗನ್ನಡಿ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಅವನು ಯಾರೆಂದು ಗೊತ್ತಿತ್ತು. ಚೀಟಿ ಹಿಡಿದುಕೊಂಡು ಪಕ್ಕದ ಬೀದಿಯ ಜೈಬೂ ಖಾಲಾ ಮನೆಗೆ ಓಡಿದೆ.

ಜೈಬೂ ಖಾಲಾ ನನ್ನ ಗೆಳೆಯ ರಹಮತ್‌ನ ತಾಯಿ. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಅವರ ತಂದೆ ಆವನಿಯ ಅಂಚೆ ಆಫೀಸಿನಲ್ಲಿ ಟಪಾಲು ಹೊರುವ ಕೆಲಸ ಮಾಡಿದವರು. ಮುಳಬಾಗಿಲಿನಿಂದ ಆವನಿಗೆ, ಆವನಿಯಿಂದ ಮುಳಬಾಗಿಲಿಗೆ ಜೀವಮಾನವೆಲ್ಲ ಚೀಲ ಹೊತ್ತವರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು.

"ಖಾಲಾ, ನೋಡಿ, ನಿಮ್ಮ ಅಬ್ಬಾ!" ಎಂದು ಚೀಟಿ ತೋರಿಸಿದೆ.

ಖಾಲಾ ರೊಟ್ಟಿ ತಟ್ಟುತ್ತಿದ್ದವರು ಕೈ ಒರೆಸಿಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಚಲ್ ರೇ! ಇವ್ನ್ಯಾವನೋ ಗೊಂಬೆ. ಮುಖಾನೇ ಇಲ್ಲ ಇವ್ನಿಗೆ. ನಮ್ಮ ಅಬ್ಬಾ ಹಿಂಗೆಲ್ಲಾ ಕುಣ್ಕೊಂಡು ಓಡ್ತಿರ್ಲಿಲ್ಲ. ಬಿರಬಿರ ನಡೀತಿದ್ದ ಅಷ್ಟೇ. ನಮ್ಮ ಅಬ್ಬಾನ್ನ ನೋಡ್ಬೇಕಾ? ಇರು."

ಟ್ರಂಕಿನೊಳಗೆ ಜರಿ ಸೀರೆಯ ಮಡಿಕೆಯಿಂದ ಅವರು ತೆಗೆದದ್ದು ಒಂದು ಲಕೋಟೆ. ಒಳಗಿನ ಕಾಗದವನ್ನು ಗೆದ್ದಲು ಎಂದೋ ತಿಂದಿತ್ತು, ಹೊದಿಕೆ ಮಾತ್ರ ಉಳಿದಿತ್ತು. ಖಾಲಾ ನಮ್ಮ ಊರಿಗೆ ಬರುವ ಮೊದಲು, ಮದುವೆಯಾಗಿ ಮಾಲೂರಿಗೆ ಹೋದ ಹೊಸದರಲ್ಲಿ, ಆವನಿಯಿಂದ ಬಂದ ಲಕೋಟೆ. ದೊಡ್ಡ ಬೆಲೆಯ ಚೀಟಿ ಮುಗಿದಿತ್ತಂತೆ, ಚಿಕ್ಕ ಬೆಲೆಯ ಚೀಟಿ ನಾಲ್ಕನ್ನು ಎರಡರ ಮೇಲೆ ಎರಡರಂತೆ ಒತ್ತಾಗಿ ಅಂಟಿಸಿದ್ದರು. ನಾಲ್ಕರಲ್ಲೂ ಅದೇ ಬೋಳು ಗಲ್ಲದ ರಾಜ. ನಾಲ್ಕು ತಲೆಗಳೂ ಕೂಡುವ ಜಾಗಕ್ಕೆ ಸರಿಯಾಗಿ ಒಂದು ಕಪ್ಪು ಠಸ್ಸೆ ಬಿದ್ದಿತ್ತು, ದುಂಡಗೆ, ಕೊಂಚ ಓರೆಯಾಗಿ.

"ಅಬ್ಬಾ ಊರೋರ ಕಾಗ್ದ ಹೊತ್ತು ಹೊತ್ತು ಬೆನ್ನು ಬಾಗಿಸ್ಕೊಂಡ. ತಾನು ಅಂತ ಹಾಕಿದ್ದು ಇದೊಂದೇ ಕಾಗ್ದ" ಎಂದರು ಖಾಲಾ. "ಓದು ಬರಹ ಬರ್ತಿರ್ಲಿಲ್ಲ. ಪೋಸ್ಟ್ ಮೇಷ್ಟ್ರು ಬರ್ಕೊಟ್ರು. ಸೀಲು ಮಾತ್ರ ಅಬ್ಬಾನೇ ಹೊಡ್ದಿದ್ದು. ದಿನಾ ಮೊದಲ್ನೇ ಸೀಲಿಗೆ ಬಿಸ್ಮಿಲ್ಲಾ ಅಂತಿದ್ದ. ಒಂದೊಂದು ಚೀಟಿಗೂ ಒಂದೊಂದು ಗುದ್ದು ಗುದ್ದೋರು ಬೇರೆ ಆಫೀಸ್ನೋರು. ಅಬ್ಬಾ ನಾಲ್ಕಕ್ಕೂ ಸೇರಿಸಿ ಒಂದೇ ಗುದ್ದು! ಹೆಬ್ಬೆಟ್ಟು ಸೊಟ್ಟ ಇತ್ತಲ್ಲ, ಅದಕ್ಕೇ ಓರೆ. ಅವ್ನ್ದು ಒಂದು ಫೋಟೋ ಇಲ್ಲ ಬೇಟಾ. ನಂಗೆ ಇದೇ ಫೋಟೋ."

ನಾನು ಆ ಲಕೋಟೆಯನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು ಅಂಗಲಾಚಿದೆ. ಖಾಲಾ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನೀನು ಚಿತ್ರ ಚೆನ್ನಾಗಿ ಬರೀತೀಯ. ನೋಡ್ಕೊಂಡು ಬರ್ಕೋ. ಚೀಟಿ ಕೀಳ್ಬೇಡ. ನಾಳೆ ತಂದ್ಕೊಡ್ಬೇಕು" ಎಂದರು. ಸರಸ್ವತಿ ಆಣೆ ಇಟ್ಟು ಇಸಿದುಕೊಂಡು ಬಂದೆ. ಸರಸ್ವತಿ ಅದನ್ನು ಮರೆತಿಲ್ಲ ಎನ್ನುವುದಕ್ಕೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕ್ಷಿ.

ಮನೆಗೆ ಬಂದು ಅರ್ಧ ಗಂಟೆಯೊಳಗೆ ಲಕೋಟೆಯನ್ನು ಬೋಗುಣಿಯ ನೀರಿಗೆ ಹಾಕಿದ್ದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಹತ್ತು ವರ್ಷದ ಹುಡುಗನ ಕೈಗೆ ನಾಲ್ಕು ರಾಜರು ಒಟ್ಟಿಗೆ ಸಿಕ್ಕಿದ್ದರು. ಮೊದಲು ವಿಳಾಸದ ಶಾಯಿ ಬಿಟ್ಟಿತು. ಖಾಲಾ ಹೆಸರು, ಮಾವನ ಹೆಸರು, ಮಾಲೂರು, ಎಲ್ಲ ನೀಲಿ ನೀರಾಗಿ ಹೋಯಿತು. ಆಮೇಲೆ ಲಕೋಟೆ ಗಂಜಿಯಂತೆ ಮೆತ್ತಗಾಯಿತು. ರಾಜರು ಒಬ್ಬೊಬ್ಬರಾಗಿ ಬಿಡಿಸಿಕೊಂಡು ಮೇಲೆ ತೇಲಿದರು. ಈ ಜನ ಮುಳುಗುವವರಲ್ಲ.

ಎತ್ತಿ ಒಣಹಾಕಿ ನೋಡಿದರೆ ಪ್ರತಿಯೊಬ್ಬನ ಮುಖದ ಒಂದು ಮೂಲೆಯಲ್ಲೂ ಕಪ್ಪು ಕಲೆ. ನನ್ನ ಕಣ್ಣಿಗೆ ಅದು ಕೊಳೆ. ಮುಖ ಹೊಳೆಯುವ ರಾಜ ಬೇಕಾಗಿತ್ತು ನನಗೆ. ನಮ್ಮ ಮನೆಯಲ್ಲಿ ಹೊಳೆಯಬೇಕಾದ್ದನ್ನೆಲ್ಲ, ಅದು ದೇವರಾಗಲಿ ಚೊಂಬಾಗಲಿ, ಹುಣಸೆಹುಳಿ ಹಾಕಿ ಉಜ್ಜುತ್ತಿದ್ದರು. ನಾನೂ ಒಬ್ಬ ರಾಜನನ್ನು ಹಿಡಿದು ಹುಣಸೆಹುಳಿ ಹಚ್ಚಿ ಉಜ್ಜಿದೆ. ಕಲೆ ಹೋಯಿತು. ಜೊತೆಗೆ ಮೂಗೂ ಹೋಯಿತು. ಎರಡನೆಯವನನ್ನು ಎತ್ತಿಕೊಳ್ಳುವಷ್ಟರಲ್ಲಿ ಅಜ್ಜಿ ಬಂದು, "ಹುಣಸೆಹುಳಿ ದಂಡ ಮಾಡ್ತೀಯೇನೋ!" ಎಂದು ಬೆನ್ನಿಗೆ ಕೊಟ್ಟಳು. ಉಳಿದ ಮೂವರು ಬದುಕಿಕೊಂಡದ್ದು ಅಜ್ಜಿಯ ಜಿಪುಣತನದಿಂದ.

ಕರಗಿದ ಲಕೋಟೆಯನ್ನು ಬಚ್ಚಲ ಒಲೆಗೆ ಹಾಕಿದೆ. ನಾಲ್ವರು ರಾಜರನ್ನು ನನ್ನ ಆಲ್ಬಮ್ಮಿನ ಮೊದಲ ಪುಟದ ನಾಲ್ಕು ಮೂಲೆಗೆ ಅಂಟಿಸಿದೆ. ನಡುವೆ ಬಣ್ಣದ ಪೆನ್ಸಿಲಿನಲ್ಲಿ ನನ್ನ ಹೆಸರು, ಸೂರ್ಯನಾರಾಯಣ. ಒಂದು ಸಾಮ್ರಾಜ್ಯ ನಾಲ್ಕು ಮೂಲೆಯಲ್ಲಿ ನಿಂತು ಸೂರ್ಯನಾರಾಯಣನನ್ನು ಕಾಯುತ್ತಿತ್ತು.

ಮರುದಿನ ಖಾಲಾ ಕೇಳಿದಾಗ, "ಅಜ್ಜಿ ಕಬ್ಬಿಣದ ಬೀರುವಿನಲ್ಲಿ ಇಟ್ಟು ಬೀಗ ಹಾಕಿದಾಳೆ, ಕೀ ಕೋಲಾರದ ದೊಡ್ಡಪ್ಪನ ಹತ್ತಿರ ಇದೆ" ಎಂದೆ. ಆ ಕೀಲಿ ಕೋಲಾರದಿಂದ ಬರಲೇ ಇಲ್ಲ. ಗೆದ್ದಲಿಲ್ಲದ ಕಬ್ಬಿಣದ ಬೀರುವಿನಲ್ಲಿದೆಯೆಂದು ಖಾಲಾಗೂ ಕ್ರಮೇಣ ಸಮಾಧಾನವಾಯಿತು. ಅವರು ವಾಪಸ್ ಕೇಳುವುದನ್ನು ಬಿಟ್ಟರು. ಈದ್ ಹಬ್ಬದ ದಿನ ಖೀರು ಕೊಡುವಾಗ ಮಾತ್ರ, "ಸೂರಿ, ನಮ್ಮ ಲಕೋಟೆ ಜೋಪಾನವಾ?" ಎನ್ನುತ್ತಿದ್ದರು. "ಜೋಪಾನ ಖಾಲಾ" ಎನ್ನುತ್ತಿದ್ದೆ. ಪಾಪಪ್ರಜ್ಞೆಯಿಂದ ಖೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಎರಡು ಬಟ್ಟಲು ಇಳಿಯುತ್ತಿತ್ತು. ಹೀಗೇ ಐವತ್ತಕ್ಕೂ ಹೆಚ್ಚು ವರ್ಷ ಕಳೆಯಿತು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ರಹಮತ್ ಬಂದ. ಅವನದು ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಈ ತಾಲ್ಲೂಕಿನಲ್ಲಿ ಸತ್ತ ಅಪ್ಪಂದಿರಲ್ಲಿ ಅರ್ಧ ಜನ ಅವನ ಕೈಯಿಂದ ಗಾಜಿನೊಳಗೆ ಹೋದವರು.

"ಲೇ ಸೂರಿ, ಆ ಲಕೋಟೆ ಕೊಡೋ" ಎಂದ, ಕೂರುವ ಮೊದಲೇ. "ಮನೆ ಗೋಡೆ ತುಂಬಾ ಫೋಟೋ ಹಾಕಿದೀನಿ. ಮೊಮ್ಮಗಳು ಅಮ್ಮೀನ ಕೇಳಿದ್ಲು, ನಿಮ್ಮ ಅಬ್ಬಾ ಎಲ್ಲಿ ಅಂತ. ಅವತ್ತಿಂದ ಅಮ್ಮೀದು ಒಂದೇ ಹಠ. ಫೋಟೋ ಇಲ್ದಿದ್ರೆ ಅವ್ನ ಕೈ ಗುದ್ದಾದ್ರೂ ಗೋಡೆ ಮೇಲಿರ್ಲಿ, ನಾನು ಹೋಗೋಕ್ ಮುಂಚೆ ನೋಡ್ಬೇಕು ಅಂತಾಳೆ. ತೊಂಬತ್ತು ದಾಟೈತೆ ಕಣೋ."

ಕೋಲಾರದ ಕೀಲಿಯನ್ನು ಮತ್ತೆ ಎತ್ತಿಕೊಳ್ಳೋಣವೆಂದರೆ ದೊಡ್ಡಪ್ಪನೂ ಇಲ್ಲ, ಬೀರುವೂ ಇಲ್ಲ. ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ. ಬೋಗುಣಿ, ಹುಣಸೆಹುಳಿ, ಬಚ್ಚಲ ಒಲೆ, ಎಲ್ಲ. ರಹಮತ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಚೀಟಿಗಳಾದ್ರೂ ಐತೇನ್ಲಾ?" ಎಂದ.

ಅಟ್ಟ ಹತ್ತಿ ಆಲ್ಬಮ್ ಇಳಿಸಿದೆ. ಮೊದಲ ಪುಟ, ನಾಲ್ಕು ಮೂಲೆ, ನಾಲ್ಕು ರಾಜರು. ಬ್ಲೇಡಿನಿಂದ ನಾಲ್ಕನ್ನೂ ಕತ್ತರಿಸಿ ಮೇಜಿನ ಮೇಲೆ ಹಿಂದೆ ಇದ್ದಹಾಗೆ ಜೋಡಿಸಿದೆವು. ಕೊಳೆ ಎಂದುಕೊಂಡಿದ್ದೆನಲ್ಲ, ಆ ತುಂಡು ತುಂಡು ಕಪ್ಪು ಗೆರೆಗಳು ಒಂದಕ್ಕೊಂದು ಸೇರಿಕೊಂಡವು. ಮುಕ್ಕಾಲು ಚಕ್ರ. ಅಂಚಿನಲ್ಲಿ ಇಂಗ್ಲಿಷಿನ ಎ, ವಿ, ಎ. ಮುಂದಿನ ಎನ್ ಮತ್ತು ಐ ಇರಬೇಕಾದ ಜಾಗದಲ್ಲಿ ಮೂಗಿಲ್ಲದ ರಾಜ ತೊಳೆದ ಮುಖ ಇಟ್ಟುಕೊಂಡು ನಿಂತಿದ್ದ. ಇಡೀ ಪೆಟ್ಟಿಗೆಯಲ್ಲಿ ನಮ್ಮ ಊರಿನ ಕಡೆಯ ಒಂದು ಹೆಸರಿಗಾಗಿ ಹುಡುಕಿದವನು ನಾನು. ಅದು ರಾಜನ ಮುಖದ ಮೇಲೇ ಇತ್ತು, ನಾನೇ ಉಜ್ಜಿ ತೆಗೆದಿದ್ದೆ. ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಅಂಚೆ ಚೀಟಿ ಮುಂದಿಟ್ಟುಕೊಂಡು ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಆದರೂ ಬಂತು.

ರಹಮತ್ ಭುಜ ಅಲ್ಲಾಡಿಸಿದ. "ಲೇ, ನೀನು ಡ್ರಾಯಿಂಗ್ ಮೇಷ್ಟ್ರು ಕಣೋ. ಆ ಎರಡಕ್ಷರ ಬರ್ದುಬಿಡು. ಅಮ್ಮೀಗೆ ಕಣ್ಣು ಮಂಜು, ಎಲ್ಲಿ ಗೊತ್ತಾಗ್ತೈತೆ?"

ಪೆನ್ನು ತೆಗೆದುಕೊಂಡೆ. ಬರೆಯುವುದೇನೂ ಕಷ್ಟವಿರಲಿಲ್ಲ. ಐದು ನಿಮಿಷದ ಕೆಲಸ, ಓರೆಯನ್ನೂ ಸರಿಯಾಗಿ ಹಿಡಿಯುತ್ತಿದ್ದೆ. ಆದರೆ ಅದು ಅವರ ಅಬ್ಬಾನ ಗುದ್ದಾಗುತ್ತಿರಲಿಲ್ಲ, ನನ್ನ ಇನ್ನೊಂದು ಸುಳ್ಳಾಗುತ್ತಿತ್ತು. ಬರೆದುಕೋ ಎಂದಿದ್ದಾಗ ಬರೆಯದವನು ಈಗ ಬರೆಯುವುದೆಂದರೆ ನನಗೇ ಹೇಸಿಗೆಯಾಯಿತು. ಪೆನ್ನಿನ ಮುಚ್ಚಳ ಹಾಕಿದೆ. ನಾಲ್ಕು ಚೀಟಿಯನ್ನೂ ಒಂದು ರಟ್ಟಿನ ಮೇಲೆ ಇಟ್ಟುಕೊಂಡು ಇಬ್ಬರೂ ಅವನ ಮನೆಗೆ ಹೊರಟೆವು. ಹಾದಿಯುದ್ದಕ್ಕೂ ಗಾಳಿ ಬೀಸದಿರಲಿ ಎಂದು ಅವನ ದೇವರನ್ನೂ ನನ್ನ ದೇವರನ್ನೂ ಬೇಡಿಕೊಂಡೆ.

ಖಾಲಾ ಅಂಗಳದ ಬಿಸಿಲಲ್ಲಿ ಮಂಚದ ಮೇಲೆ ಕೂತಿದ್ದರು. ಕಾಲ ಬಳಿ ಕೂತು ಹೇಳಿದೆ. "ಖಾಲಾ, ಲಕೋಟೆ ಇಲ್ಲ. ಅವತ್ತೇ ನೀರಿಗೆ ಹಾಕಿದೆ. ಕರಗಿಹೋಯ್ತು. ಇಷ್ಟು ವರ್ಷ ನಿಮಗೆ ಸುಳ್ಳು ಹೇಳ್ದೆ."

ಖಾಲಾ ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಪ್ರತಿ ಈದಿಗೂ ಕೇಳ್ದೆ" ಎಂದರು. "ಪ್ರತಿ ಈದಿಗೂ ಜೋಪಾನ ಅಂದೆ. ಖೀರೂ ಕುಡ್ದೆ. ಎರಡೆರಡು ಬಟ್ಲು ಕುಡ್ದೆಯಲ್ಲೋ ಸೂರಿ."

ಆ ಎರಡು ಬಟ್ಟಲಿನ ಮಾತು ಅಜ್ಜಿಯ ಏಟಿಗಿಂತ ಜೋರಾಗಿ ಬಿತ್ತು. ರಟ್ಟನ್ನು ಅವರ ತೊಡೆಯ ಮೇಲಿಟ್ಟೆ.

ರಹಮತ್ ಕೊಟ್ಟ ಭೂತಗನ್ನಡಿ ಹಿಡಿದು ಖಾಲಾ ಬಗ್ಗಿದರು. ಮೂಗು ರಾಜರಿಗೆ ತಾಗುವಷ್ಟು ಬಗ್ಗಿದರು. ಉಗುರಿನ ತುದಿಯಿಂದ ಕಪ್ಪು ಗೆರೆಯನ್ನು ನಿಧಾನವಾಗಿ ಸವರಿದರು. "ಓರೆ ಐತೆ" ಎಂದರು. ಮತ್ತೆ ಸವರಿದರು. "ಅಬ್ಬಾನ್ದೇ. ಓರೆ ಐತೆ ನೋಡೋ." ಉಗುರು ನಾಲ್ಕನೆಯ ಚೀಟಿಗೆ ಬಂದು ನಿಂತಿತು. "ಇವ್ನಿಗೇನಾಯ್ತು?"

"ಹುಣಸೆಹುಳಿ ಹಾಕಿ ಉಜ್ಜಿದೆ ಖಾಲಾ. ಕೊಳೆ ಅನ್ಕೊಂಡಿದ್ದೆ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ರಾಜನ್ನ ಚೊಂಬು ಅನ್ಕೊಂಡ್ಯಾ?" ಎಂದು ಕೇಳಿ, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಕಣ್ಣಿನ ನೀರು ಇನ್ನೂ ಆರಿರಲಿಲ್ಲ. ಆ ನಗುವಿನಿಂದ ನನಗೆ ಧೈರ್ಯ ಬರಲಿಲ್ಲ, ರಹಮತ್‌ಗೆ ಬಂತು.

"ಸೂರಿ ಬರ್ದು ಕೊಡ್ತಾನೆ ಅಮ್ಮೀ. ಅದೇ ಥರ ಬರೀತಾನೆ."

"ನಕ್ಕೋ, ಬೇಡ!" ಖಾಲಾ ಕೈಯನ್ನು ರಟ್ಟಿನ ಮೇಲೆ ಅಡ್ಡ ಹಿಡಿದರು. "ಅವ್ನು ಮುಟ್ಟಿದ್ದು ಸಾಕು. ನಿನ್ನ ಅಂಗ್ಡಿ ಸೀಲಿನ ಪ್ಯಾಡ್ ಎಲ್ಲೈತೆ? ತಾ ಇಲ್ಲಿ."

ರಹಮತ್ ಅಂಗಡಿಗೆ ಹೋಗಿ ಮಸಿಯ ಪ್ಯಾಡ್ ತಂದ. ಖಾಲಾಗೂ ಅವರ ತಂದೆಯಂತೆ ರುಜು ಹಾಕಲು ಬರುವುದಿಲ್ಲ, ಎಲ್ಲ ಕಾಗದಕ್ಕೂ ಹೆಬ್ಬೆಟ್ಟೇ. ಬಲಗೈ ಹೆಬ್ಬೆಟ್ಟನ್ನು ಪ್ಯಾಡಿನ ಮೇಲೆ ಚೆನ್ನಾಗಿ ಹೊರಳಿಸಿದರು. ಎಡಗೈಯಿಂದ ಮೂಗಿಲ್ಲದ ರಾಜ ಎಲ್ಲಿದ್ದಾನೆಂದು ತಡವಿ ನೋಡಿಕೊಂಡರು. ಆಮೇಲೆ ಕೈಯನ್ನು ಕಿವಿಯವರೆಗೆ ಎತ್ತಿ, "ಬಿಸ್ಮಿಲ್ಲಾ" ಎಂದು ಗುದ್ದಿದರು. ಮಂಚ ಅಲ್ಲಾಡಿತು. ಮಾಡಿನ ಮೇಲಿದ್ದ ಕಾಗೆ ಎದ್ದುಹೋಯಿತು.

ಅವರ ಹೆಬ್ಬೆಟ್ಟಿನ ಗೆರೆಗಳು ಚಕ್ರದ ಕಾಲು ಭಾಗವನ್ನು ತುಂಬಿಕೊಂಡು ಕೂತಿದ್ದವು. ಡ್ರಾಯಿಂಗ್ ಮೇಷ್ಟರ ಕಣ್ಣಿನಿಂದ ಹೇಳುವುದಾದರೆ ಪೂರಾ ಸರಿ ಇರಲಿಲ್ಲ, ಸ್ವಲ್ಪ ಓರೆ.

"ಈಗ ಹಾಕೋ ಕಟ್ಟು" ಎಂದರು ಮಗನಿಗೆ.

ಈ ಸಲ ಈದಿಗೆ ಹೋಗುವುದೋ ಬೇಡವೋ ಎಂದು ಬೆಳಿಗ್ಗೆಯೆಲ್ಲ ಒದ್ದಾಡಿದೆ. ಕೊನೆಗೆ ಹೋದೆ. ಖೀರು ಬಂತು, ಪ್ರಶ್ನೆ ಬರಲಿಲ್ಲ. ಒಂದೇ ಬಟ್ಟಲು ಕುಡಿದು ಸಾಕೆಂದೆ. ಖಾಲಾ ಸೊಸೆಯನ್ನು ಕರೆದು, "ಅವ್ನಿಗೆ ಇನ್ನೊಂದು ಹಾಕು, ಅಭ್ಯಾಸ ಐತೆ" ಎಂದರು. ಅವರ ಹಿಂದಿನ ಗೋಡೆಯಲ್ಲಿ, ಮಕ್ಕಳು ಮೊಮ್ಮಕ್ಕಳ ಫೋಟೋಗಳ ಮೇಲ್ಗಡೆ, ಅಂಗೈಯಗಲದ ಕಟ್ಟಿನಲ್ಲಿ ನಾಲ್ಕು ಚೀಟಿಗಳಿದ್ದವು. ಹಬ್ಬಕ್ಕೆ ಬಂದಿದ್ದ ನೆಂಟರ ಹುಡುಗಿಯೊಬ್ಬಳು ಹತ್ತಿರ ಹೋಗಿ ನೋಡಿ, "ಯಾರು ದಾದೀಮಾ ಈ ನಾಲ್ಕು ಜನ?" ಎಂದು ಕೇಳಿದಳು.

"ಅವ್ರು ಯಾರೋ, ನಂಗೊತ್ತಿಲ್ಲ" ಎಂದರು ಖಾಲಾ. "ಅವ್ರ ಮೇಲೆ ಬಿದ್ದೈತಲ್ಲ ಗುದ್ದು, ಅದು ನಮ್ಮ ಅಬ್ಬಾ."